ಚೀ ಕೊಫ್ತೆ ಅಂಗಡಿ ದಾಟಿ ಮುಂದೆ ಹೋಗಬೇಡಿ

ಬರ್ಲಿನ್‌ಗೆ ಹೊಸದಾಗಿ ಬಂದ ನಮ್ಮ ಸಸ್ಯಾಹಾರಿ ಹುಡುಗರು 'ಹೊರಗೆ ತಿನ್ನೋಕೆ ಏನೂ ಸಿಗಲ್ಲ' ಅಂದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ಟರ್ಕಿಯವರ ಅಂಗಡಿ ಅಂದರೆ ಕಂಬಿಗೆ ಚುಚ್ಚಿ ತಿರುಗಿಸುವ ಮಾಂಸ ಅಷ್ಟೇ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಇಲ್ಲಿನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ನಾನು ಹೋಗುವ ಪುಟ್ಟ ಅಂಗಡಿಯೊಳಗೆ ಮಾಂಸವೇ ಬರುವುದಿಲ್ಲ. ಅಲ್ಲಿ ಮಾರುವುದು ಚೀ ಕೊಫ್ತೆ, ಅಂದರೆ ಗೋಧಿ ನುಚ್ಚನ್ನು ಮಸಾಲೆ ಜೊತೆ ನಾದಿ ಮಾಡುವ ಮುಷ್ಟಿಯಷ್ಟು ಮುದ್ದೆ.

ಇದು ಆಗ್ನೇಯ ಟರ್ಕಿಯ ಉರ್ಫಾ, ಅದಿಯಮಾನ್ ಕಡೆಯ ತಿಂಡಿ. ಮೊದಲೆಲ್ಲ ಹಸಿ ಮಾಂಸವನ್ನು ನುಣ್ಣಗೆ ಕೊಚ್ಚಿ ಹಾಕುತ್ತಿದ್ದರು. ಮನೆಗಳಲ್ಲಿ ಈಗಲೂ ಹಾಗೆ ಮಾಡುವವರಿದ್ದಾರೆ. ಹಸಿ ಮಾಂಸದಿಂದ ಕಾಯಿಲೆ ಬರುತ್ತದೆ ಅಂತ ಅಂಗಡಿಗಳಲ್ಲಿ ಅದನ್ನು ಮಾರುವುದಕ್ಕೆ ಟರ್ಕಿ ಸರ್ಕಾರ ತಡೆ ಹಾಕಿತು. ಹಾಗಾಗಿ ಬೀದಿ ಬೀದಿಯಲ್ಲಿ ಸಿಗುವುದು ಮಾಂಸವಿಲ್ಲದ ಚೀ ಕೊಫ್ತೆ.

ಮಾಡುವುದನ್ನು ಒಮ್ಮೆ ನಿಂತು ನೋಡಿ. ಬುಲ್ಗುರ್ ಅಂದರೆ ಗೋಧಿಯನ್ನು ಬೇಯಿಸಿ, ಒಣಗಿಸಿ, ಒಡೆದ ನುಚ್ಚು. ಅದರಲ್ಲಿ ತೀರಾ ಸಣ್ಣದನ್ನು ತಗೊಂಡು ಟೊಮೆಟೊ ಪೇಸ್ಟ್, ಕೆಂಪು ಮೆಣಸಿನ ಪೇಸ್ಟ್, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಹಾಕಿ ನಾದುತ್ತಾರೆ. ಒಲೆ ಹಚ್ಚುವ ಮಾತೇ ಇಲ್ಲ. ಕೈ ಒತ್ತಿ ಒತ್ತಿಯೇ ನುಚ್ಚು ಮೆತ್ತಗಾಗಬೇಕು. ಇದರ ಜೀವ ಇಸೋಟ್, ಉರ್ಫಾದ ಮೆಣಸಿನಕಾಯಿ. ಹಗಲು ಬಿಸಿಲಿಗೆ ಹರವಿ, ರಾತ್ರಿ ಮುಚ್ಚಿಟ್ಟು ಬೆವರಿಸಿ ಒಣಗಿಸುತ್ತಾರೆ. ಅದಕ್ಕೇ ಆ ಕಪ್ಪು ಬಣ್ಣ, ಹೊಗೆಯಂಥ ಘಮ. ಖಾರ ತಕ್ಷಣ ಗೊತ್ತಾಗಲ್ಲ, ನಿಧಾನಕ್ಕೆ ಏರುತ್ತದೆ. ಕೊನೆಗೆ ಮುಷ್ಟಿಯಲ್ಲಿ ಹಿಸುಕಿ ಇಡುತ್ತಾರೆ. ಪ್ರತಿ ಕೊಫ್ತೆಯ ಮೇಲೂ ಬೆರಳಿನ ಅಚ್ಚು ಮೂಡಿರುತ್ತದೆ.

ತೆಳ್ಳಗಿನ ಲವಾಶ್ ರೊಟ್ಟಿಯ ಮೇಲೆ ಅದನ್ನು ಸವರಿ, ಲೆಟ್ಯೂಸ್, ಪುದೀನ, ಪಾರ್ಸ್ಲಿ ಇಟ್ಟು, ದಾಳಿಂಬೆ ಹುಳಿ ಸುರಿದು ಸುತ್ತಿಕೊಡುತ್ತಾರೆ. ನಮ್ಮ ಹುಣಸೆ-ಬೆಲ್ಲದ ಗೊಜ್ಜು ತಿಂದು ಬೆಳೆದ ನಾಲಿಗೆಗೆ ಆ ಹುಳಿ ಸಿಹಿ ಹೊಸದೇನೂ ಅಲ್ಲ.

ಇದೇ ಊರಿನಲ್ಲಿ ವೀಗನ್ ಅಂತ ದೊಡ್ಡ ಬೋರ್ಡ್ ಹಾಕಿ, ಮಾಂಸದ ಹಾಗೇ ಕಾಣುವ ಸೋಯಾ ತುಂಡಿಗೆ ಜಾಸ್ತಿ ದುಡ್ಡು ಕೇಳುವ ಜಾಗಗಳಿವೆ. ಇಷ್ಟ ಇದ್ದವರು ತಿನ್ನಲಿ. ಆದರೆ ಕೆಲಸಗಾರರನ್ನು ಕರೆಸಿಕೊಳ್ಳಲು ಪಶ್ಚಿಮ ಜರ್ಮನಿ ಟರ್ಕಿ ಜೊತೆ ಮಾಡಿಕೊಂಡ 1961ರ ಒಪ್ಪಂದದ ನಂತರ ಬಂದ ಟರ್ಕಿಯ ಕುಟುಂಬಗಳು ಕಟ್ಟಿದ ಬೀದಿಗಳಲ್ಲೇ, ಕೂಲಿಯವರೂ ವಿದ್ಯಾರ್ಥಿಗಳೂ ಹೊಟ್ಟೆ ತುಂಬಾ ತಿನ್ನುವ ಊಟ ಇರುವಾಗ ಅದನ್ನು ಬಿಟ್ಟು ಅಲ್ಲಿಗೆ ಯಾಕೆ ಓಡಬೇಕು? ಬಾಡಿಗೆ ಏರುತ್ತಿರುವ ಬಡಾವಣೆಯಲ್ಲಿ ಇಂಥ ಅಂಗಡಿ ಉಳಿಯಬೇಕಾದರೆ ನಾವು ನೀವು ಹೋಗಿ ತಿನ್ನಬೇಕು, ಅಲ್ವಾ?

ಹೋದಾಗ ಒಂದು ಮಾತು ಕೇಳಿಕೊಳ್ಳಿ. ಕೆಲವು ಕಡೆ ಮೊಸರಿನ ಸಾಸ್ ಹಾಕಿಬಿಡುತ್ತಾರೆ, ಹಾಲು-ಮೊಸರು ಬಿಟ್ಟವರು ಮೊದಲೇ ಬೇಡ ಅನ್ನಿ. ಕುಡಿಯೋಕೆ ಐರಾನ್ ಅನ್ನೋ ಉಪ್ಪು ಮಜ್ಜಿಗೆ ಬದಲು ಶಲ್ಗಮ್ ಕೇಳಿ. ಕಪ್ಪು ಕ್ಯಾರೆಟ್ ಹುಳಿ ಬರಿಸಿ ಮಾಡಿದ, ಉಪ್ಪುಪ್ಪಾದ ನೇರಳೆ ರಸ. ಮೊದಲ ಗುಟುಕಿಗೆ ಮುಖ ಕಿವುಚಿದರೂ ಲೋಟ ಕೆಳಗಿಡಬೇಡಿ, ಖಾರದ ಕೊಫ್ತೆ ಜೊತೆ ಅದೇ ಸರಿ.