ಈಡು ಹೊಡೆಯೋಕಿಲ್ಲದ ಕೋವಿ ಯಾಕ್ರೀ ಬೇಕು?

ಇವತ್ತು ಬೆಳಿಗ್ಗೆ ಶೂಟಿಂಗ್ ರೇಂಜಿನ ಬೆಂಚಲ್ಲಿ ಕೂತಿದ್ದೆ. ಮೂವತ್ಮೂರು ವರ್ಷ ಕಾದು ಕೊಂಡ ಕೋವಿ ಮುಂದೆ, ಮೊದಲನೇ ತೋಟಾ ಕೈಯಲ್ಲಿ. ಪಕ್ಕದ ಬೆಂಚಿನ ಬಿಳಿಗಡ್ಡದ ಮನುಷ್ಯ ಎದ್ದು ಬಂದ, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ, ಎದೆ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಅಯ್ಯೋ, ಇದನ್ನ ಹೊಡೀತೀರಾ?"

ಹೊಡೀದೆ ಇನ್ನೇನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?

ಈ ಮಾತು ಹೇಳಿದವರಲ್ಲಿ ಆತ ಮೂರನೆಯವನು. ಮೊದಲು ಹೇಳಿದ್ದು ಮಾರಿದ ಅಂಗಡಿಯವನೇ. ನಾನು ಅಮೆರಿಕದಲ್ಲಿ ಅಂಗಡಿಯಿಂದ ಕೋವಿ ಕೊಳ್ಳೋರು ತುಂಬಬೇಕಾದ 4473 ನಂಬರಿನ ಫಾರಂ ತುಂಬಿಕೊಟ್ಟು, ನನ್ನ ಹಿನ್ನೆಲೆಯ ತಪಾಸಣೆ ಮುಗಿಯಲಿ ಅಂತ ಕೌಂಟರಿಗೆ ಒರಗಿ ನಿಂತಿದ್ದಾಗ, "ಎಣ್ಣೆ ಸವರಿ ಸೇಫಲ್ಲಿಟ್ಟುಬಿಡಿ, ಹತ್ತು ವರ್ಷ ಬಿಟ್ಟು ನನಗೇ ಮಾರಿ" ಅಂದ. ಎರಡನೆಯವರು ನಮ್ಮ ಭಾವ. ಬೆಂಗಳೂರಲ್ಲಿ ಕೂತು ವಾಟ್ಸಾಪಲ್ಲಿ ಫೋಟೊ ನೋಡಿ, "ಹೂಡಿಕೆ ದೃಷ್ಟಿಯಿಂದ ಒಳ್ಳೇ ನಿರ್ಧಾರ. ಉಪಯೋಗಿಸಿ ಹಾಳು ಮಾಡ್ಬೇಡಿ" ಅಂತ ಬರೆದರು. ಕೋವಿಯ ಯಾವ ತುದಿಯಿಂದ ಗುಂಡು ಬರುತ್ತೆ ಅನ್ನೋದೇ ಅವರಿಗೆ ಖಾತ್ರಿಯಿಲ್ಲ, ಆದ್ರೆ ಹೂಡಿಕೆ ಗೊತ್ತು. ಸೈಟು, ಚಿನ್ನ, ಈಗ ಕೋವಿ. (ಭಾವ, ಓದ್ತಿದ್ರೆ ಬೇಜಾರ್ ಮಾಡ್ಕೋಬೇಡಿ. ಮಾಡ್ಕೊಂಡ್ರೂ ಪರವಾಗಿಲ್ಲ.)

ಕೋವಿ ಯಾವುದು ಅಂತ ಹೇಳಿಬಿಡ್ತೀನಿ. ವಿಂಚೆಸ್ಟರ್ ಕಂಪನಿಯ ಮಾಡೆಲ್ 70, 1950ರದ್ದು, .220 ಸ್ವಿಫ್ಟ್ ಅನ್ನೋ ತೋಟಾ ಹಾಕೋದು. ಇಲ್ಲಿಯವರು ವಾರ್ಮಿಂಟ್ ರೈಫಲ್ ಅಂತಾರೆ. ವಾರ್ಮಿಂಟ್ ಅಂದ್ರೆ ಬೆಳೆಗೆ ಉಪದ್ರವ ಕೊಡೋ ಸಣ್ಣ ಪ್ರಾಣಿ, ನಮ್ಮ ಕಡೆ ಹೆಗ್ಗಣ, ಮುಳ್ಳುಹಂದಿ ಇದ್ದ ಹಾಗೆ. ಗುರಿ ಚಿಕ್ಕದು, ದೂರ ಜಾಸ್ತಿ. ಹಾಗಾಗಿ ಗುಂಡು ಹಗುರ ಇರಬೇಕು, ಹುಚ್ಚು ವೇಗದಲ್ಲಿ ಹೋಗಬೇಕು, ನೆಟ್ಟಗೆ ಹೋಗಬೇಕು. 1935ರಲ್ಲಿ ಈ ಸ್ವಿಫ್ಟ್ ತೋಟಾ ಬಂದಾಗ ಅದರ 48 ಗ್ರೇನ್ ಗುಂಡು, ಅಂದ್ರೆ ಮೂರು ಗ್ರಾಂ ಚಿಲ್ಲರೆ ತೂಕದ್ದು, ಸೆಕೆಂಡಿಗೆ 4110 ಅಡಿ ಓಡ್ತಿತ್ತು. ಶಬ್ದದ ವೇಗದ ಮೂರೂವರೆ ಪಟ್ಟಿಗೂ ಜಾಸ್ತಿ. ಕಾರ್ಖಾನೆಯಲ್ಲಿ ತಯಾರಾದ ತೋಟಾ ನಾಲ್ಕು ಸಾವಿರ ಅಡಿ ದಾಟಿದ್ದು ಅದೇ ಮೊದಲು. 1964ರಲ್ಲಿ ವಿಂಚೆಸ್ಟರಿನವರು ಖರ್ಚು ಉಳಿಸೋಕೆ ಮಾಡೆಲ್ 70ರ ವಿನ್ಯಾಸವನ್ನೇ ಬದಲಾಯಿಸಿದರು. ತೋಟಾದ ಅಂಚನ್ನ ಹಿಡಿದು ಒಳಗೆ ಕರ್ಕೊಂಡು ಹೋಗೋ ಉದ್ದನೆ ಉಕ್ಕಿನ ಕೊಕ್ಕೆ ಹೋಯ್ತು, ಮರದ ಮೇಲೆ ಕೈಯಲ್ಲಿ ಕೆತ್ತುತ್ತಿದ್ದ ಗೆರೆಗಳ ಜಾಗಕ್ಕೆ ಯಂತ್ರದಲ್ಲಿ ಒತ್ತಿದ ಅಚ್ಚು ಬಂತು. ಅವತ್ತಿಂದ "64ಕ್ಕೆ ಮೊದಲಿನದು" ಅನ್ನೋದೇ ಒಂದು ಜಾತಿಯಾಗಿ, ಬೆಲೆ ಏರ್ತಾ ಹೋಗಿದೆ. ನಾನೆಷ್ಟು ಕೊಟ್ಟೆ ಅಂತ ಕೇಳ್ಬೇಡಿ. ನನ್ನ ಹೆಂಡತಿ ಇದೇ ಫ್ರೆಂಡ್ ಲಿಸ್ಟಲ್ಲಿದ್ದಾಳೆ.

ಆಸೆ ಹುಟ್ಟಿದ್ದು ಇಲ್ಲಿ ಪೆನ್ಸಿಲ್ವೇನಿಯಾದಲ್ಲಲ್ಲ. ಸಕಲೇಶಪುರದ ಹತ್ತಿರ, ಅಜ್ಜನಿಗೆ ಪರಿಚಯದ ಸಾಹುಕಾರರ ಎಸ್ಟೇಟ್ ಬಂಗಲೆಯಲ್ಲಿ. ಅಲ್ಲಿ ಒಂದು ಕಪಾಟು ತುಂಬ ಹಳೇ ಅಮೆರಿಕನ್ ಬೇಟೆ ಪತ್ರಿಕೆಗಳಿದ್ದವು, ಅರ್ಧ ಗೆದ್ದಲು ತಿಂದದ್ದು. ದೊಡ್ಡವರು ಕಾಫಿ ರೇಟಿನ ಮಾತಾಡುವಾಗ ಹದಿನಾಲ್ಕರ ಹುಡುಗ ನಾನು ಒಂದು ಪುಟ ನೋಡ್ತಾ ಕೂತಿದ್ದೆ: ಹಸಿರು ಹುಲ್ಲುಗಾವಲು, ಅಡ್ಡ ಮಲಗಿದ ಮನುಷ್ಯ, ಉದ್ದ ನಳಿಗೆ, ಅದರ ಮೇಲೆ ಇನ್ನೂ ಉದ್ದದ ದುರ್ಬೀನು. ನಮ್ಮ ಮನೇಲಿ ಇದ್ದದ್ದು ಅಜ್ಜನ ಕೇಪಿನ ಕೋವಿ. ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು ಮುಗಿಸೋ ಹೊತ್ತಿಗೆ ಮಂಗಗಳು ಬಾಳೆಗೊನೆ ಖಾಲಿ ಮಾಡಿ ಪಕ್ಕದ ತೋಟಕ್ಕೆ ಹೋಗಿರ್ತಿದ್ವು. ಎಲೆಕ್ಷನ್ ಬಂದಾಗಲೆಲ್ಲ ಅದನ್ನ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ವಾಪಸ್ ತರಬೇಕಿತ್ತು. ಅದರ ಸೀಳು ಬಿಟ್ಟ ಮರಕ್ಕೆ ತಾಮ್ರದ ತಂತಿ ಸುತ್ತಿದ್ದರು. ಅದು ಎಷ್ಟು ಬೆಲೆ ಬಾಳುತ್ತೆ ಅಂತ ಅಜ್ಜನನ್ನ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈ ದೇಶಕ್ಕೆ ಬಂದ ಮೇಲಾದ್ರೂ ಕೂಡಲೇ ಕೊಳ್ಳಬಹುದಿತ್ತಲ್ಲ ಅಂತೀರಾ? ಕೆಲಸದ ವೀಸಾದಲ್ಲಿರೋರು ಕೋವಿ ಇಟ್ಕೊಳ್ಳೋ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ನಿಜ. ಆದ್ರೆ ವೀಸಾ ಕಾಗದಗಳ ಕಟ್ಟಿನ ಪಕ್ಕ ಕೋವಿ ಕಾಗದ ಇಡೋ ಧೈರ್ಯ ನಮ್ಮಂಥ ಪುಕ್ಕಲರಿಗೆ ಎಲ್ಲಿಂದ ಬರಬೇಕು? ಗ್ರೀನ್ ಕಾರ್ಡ್ ಕ್ಯೂನಲ್ಲಿ ತಲೆಗೂದಲು ಹೋಯ್ತು. ಕಾರ್ಡ್ ಬಂತು. ಆಮೇಲೆ ಮಗಳ ಹಲ್ಲಿನ ಕ್ಲಿಪ್ಪು, ಮನೆ ಸೂರು, ಅಮ್ಮನ ಮಂಡಿ ಆಪರೇಷನ್. ಕೋವಿ ಪ್ರತಿ ವರ್ಷ ಒಂದು ಸ್ಥಾನ ಕೆಳಗೆ ಜಾರುತ್ತಿತ್ತು. ಇಷ್ಟೆಲ್ಲ ಆಗಿ ಕೈಗೆ ಬಂದದ್ದನ್ನ ಹೊಡೀಬೇಡಿ ಅಂತಾರೆ!

ಅಮ್ಮನ ಧಾರೆ ಸೀರೆಯ ಕಥೆ ಹೇಳ್ತೀನಿ. ಕೆಂಪಂಚಿನ ರೇಷ್ಮೆ. ಉಟ್ಟರೆ ಹಾಳಾಗುತ್ತೆ ಅಂತ ಟ್ರಂಕಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ತೋರಿಸಿ, ಅದೇ ಮಡಿಕೆಯಲ್ಲಿ ಮತ್ತೆ ಒಳಗೆ. ತಂಗಿಯ ಮದುವೆ ದಿನ ಉಡೋಣ ಅಂತ ಬಿಚ್ಚಿದಳು ನೋಡಿ, ಮಡಿಕೆ ಇದ್ದಲ್ಲೆಲ್ಲ ಉದ್ದಕ್ಕೆ ಹರಿದುಹೋಗಿತ್ತು. ಒಂದು ಸಲ ಉಟ್ಟ ಸೀರೆ. ಅಮ್ಮ ಅಳಲಿಲ್ಲ. "ಹೋಗ್ಲಿ ಬಿಡು, ಅಂಚು ಚೆನ್ನಾಗಿದೆ, ದಿಂಬಿನ ಚೀಲಕ್ಕೆ ಹಾಕ್ತೀನಿ" ಅಂದಳು. ಅಂಗಡಿಯವನು "ಸೇಫಲ್ಲಿಡಿ" ಅಂದಾಗ ನನಗೆ ನೆನಪಾಗಿದ್ದು ಆ ದಿಂಬಿನ ಚೀಲ.

ಈಗ ಕೋವಿ ಬಲ್ಲ ಸ್ನೇಹಿತರು ಕಾಮೆಂಟಲ್ಲಿ ಬರ್ತೀರಿ, ನನಗೆ ಗೊತ್ತು: "ಸ್ವಿಫ್ಟ್ ನಳಿಗೆ ತಿನ್ನುತ್ತೆ." ತಿನ್ನುತ್ತೆ. ಅಷ್ಟು ಸಣ್ಣ ತೂತಲ್ಲಿ ಅಷ್ಟು ಮದ್ದು ಉರಿದರೆ ಬಿಸಿ ಅನಿಲ ನಳಿಗೆಯ ಗಂಟಲನ್ನ ಸವೆಸುತ್ತೆ. ಕಾದ ನಳಿಗೆಯಲ್ಲಿ ಪಟಪಟ ಹೊಡೆದರೆ ಇನ್ನೂ ಬೇಗ. ಅದಕ್ಕೇ ನಾನು ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಒಂದು ಲೋಟ ಕಾಫಿ ಕುಡಿಯೋಷ್ಟು ಬಿಡುವು ಕೊಡ್ತೀನಿ, ತೋಟಾಕ್ಕೆ ಮದ್ದು ನಾನೇ ಅಳೆದು ತುಂಬೋದ್ರಿಂದ ವೇಗವನ್ನೂ ಇಳಿಸಿದ್ದೀನಿ. ವರ್ಷಕ್ಕೆ ಹೆಚ್ಚಂದ್ರೆ ಇನ್ನೂರು ಈಡು. ನನಗೀಗ ನಲವತ್ತೇಳು, ಸಕ್ಕರೆ ಕಾಯಿಲೆ ಬೇರೆ. ಯಾರು ಮೊದಲು ಸವೆಯೋದು ಅಂತ ಲೆಕ್ಕ ಹಾಕಿ. ಇನ್ನು "ಚರಿತ್ರೆ ಉಳಿಸಬೇಕು" ಅನ್ನೋರಿಗೆ: ವಯೋಮಿಂಗಿನ ಕೋಡಿಯಲ್ಲಿ ಕೋವಿಗಳಿಗೇ ಅಂತ ದೊಡ್ಡ ಮ್ಯೂಸಿಯಂ ಇದೆ, ವಿಂಚೆಸ್ಟರ್ ಕಂಪನಿಯ ಸಂಗ್ರಹವೇ ಅಲ್ಲಿದೆ. ಗಾಜಿನಾಚೆಯಿಂದ ನೋಡಿ, ನಾನೂ ಬರ್ತೀನಿ. ನಮ್ಮ ಮನೆ ಮ್ಯೂಸಿಯಂ ಅಲ್ಲ, ಬೇಸ್‌ಮೆಂಟಲ್ಲಿ ಮೂಲಂಗಿ ವಾಸನೆ ಬರುತ್ತೆ.

ಅದೂ ಅಲ್ಲದೆ ಈ ಕೋವಿ ಮ್ಯೂಸಿಯಂ ಸರಕೇ ಅಲ್ಲ. ಅಂಗಡಿಯವನಿಗೆ ಇದನ್ನ ಮಾರಲು ಕೊಟ್ಟವನು ಒಬ್ಬ ರೈತನ ಮಗ. ಫೋನಲ್ಲಿ ಮಾತಾಡಿದೆ. ಅವನಪ್ಪ ಪ್ರತಿ ಬೇಸಿಗೆ ಹುಲ್ಲು ಕೊಯ್ದ ಮರುದಿನ ಇದನ್ನ ಟ್ರಾಕ್ಟರಲ್ಲಿ ಹಾಕ್ಕೊಂಡು ಹೋಗ್ತಿದ್ದನಂತೆ. ಎಡಗಡೆ, ಕೆನ್ನೆ ತಾಗೋ ಜಾಗದ ಕೆಳಗೆ, ಹೆಬ್ಬೆರಳುದ್ದದ ಗೀರಿದೆ. ಮುಳ್ಳುತಂತಿ ಬೇಲಿದು. ಅಂಗಡಿಯವನು ಆ ಗೀರು ತೋರಿಸಿ "ಇದೊಂದಿಲ್ಲದಿದ್ರೆ ಇನ್ನೂ ಮುನ್ನೂರು ಡಾಲರ್ ಹೇಳ್ತಿದ್ದೆ" ಅಂದಿದ್ದ. ದುಡಿದ ಗುರುತಿಗೆ ಬೆಲೆ ಕಡಿತ, ದುಡಿಯದೆ ಕೂತದ್ದಕ್ಕೆ ಬಹುಮಾನ. ಇದು ನಮ್ಮ ಆಫೀಸಿನ ಇನ್‌ಕ್ರಿಮೆಂಟ್ ಪದ್ಧತಿ ಮಾತ್ರ ಅಂದ್ಕೊಂಡಿದ್ದೆ.

ಒಂದು ಸತ್ಯ ಒಪ್ಕೋತೀನಿ. ಕೋವಿ ಕೊಂಡದ್ದು ಮಾರ್ಚಲ್ಲಿ. ಮೊದಲ ಈಡು ಇವತ್ತು, ಜೂನಲ್ಲಿ. ಮೂರು ತಿಂಗಳು ಅದು ಸೇಫಲ್ಲೇ ಇತ್ತು. ಹೆಂಡತಿ ಮೊದಲ ದಿನವೇ ಹಿಂಬದಿಯ ಮರಕ್ಕೆ ಕುಂಕುಮ ಇಟ್ಟಳು (ನಿಂಬೆಹಣ್ಣು ಒಂದಿಡಲಿಲ್ಲ), ನಾನು ರಾತ್ರಿ ತೆಗೆಯೋದು, ತೋಟಾ ಒಳಗೆ ತಳ್ಳೋ ಬೋಲ್ಟ್ ಎಳೆಯೋದು, ತಳ್ಳೋದು, ಒರೆಸೋದು, ವಾಪಸ್ ಇಡೋದು. ಮಳೆ, ಗಾಳಿ, ಕಾನ್ಫರೆನ್ಸ್ ಕಾಲ್, ಒಂದೊಂದು ಶನಿವಾರಕ್ಕೆ ಒಂದೊಂದು ನೆಪ. ಕೊನೆಗೆ ಅವಳೇ ಕೇಳಿದಳು: "ಇದು ಹೊಡೆಯೋಕಾ, ಪೂಜೆ ಮಾಡೋಕಾ?"

ಸರಿ, ಬೆಂಚಿಗೆ ವಾಪಸ್ ಬರೋಣ. ಬಿಳಿಗಡ್ಡದವನಿಗೆ "ಹೌದು, ಹೊಡೀತೀನಿ" ಅಂದು ತೋಟಾ ಇಟ್ಟೆ. ಬೋಲ್ಟ್ ಮುಂದೆ ತಳ್ಳಿದಾಗ ಆ ಕೊಕ್ಕೆ ತೋಟಾದ ಅಂಚನ್ನ ಹಿಡಿಯೋದು ಅಂಗೈಗೆ ಗೊತ್ತಾಗುತ್ತೆ, ಶಬ್ದಕ್ಕಿಂತ ಮೊದಲು. ಬಾಗಿಲಿಗೆ ಒಳ್ಳೇ ಬಡಗಿ ಕೂರಿಸಿದ ಅಗಳಿ ಹಾಗೆ. ಟ್ರಿಗರ್ ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ಸದ್ದು ಜೋರು, ಒದೆತ ಕಡಿಮೆ. ಮೊದಲ ಗುಂಡು ಮಧ್ಯಕ್ಕೆ, ಎರಡನೇದು ಎಲ್ಲೋ ಅಂಚಿಗೆ. ಎದೆ ಧಸಕ್ಕೆಂತು, ನಳಿಗೆ ಸವೆದಿದೆಯಾ ಅಂತ. ಗಡ್ಡದವನು ಗಂಟಲು ಸರಿಮಾಡಿಕೊಂಡು "ದುರ್ಬೀನು" ಅಂದ. ಹೌದಲ್ಲ! ಇದರ ಮೇಲಿರೋದು ಪಿಟ್ಸ್‌ಬರ್ಗಿನ ಉನರ್ಟಲ್ ಕಂಪನಿಯ ಹಳೇ ದುರ್ಬೀನು, ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು, ಒಂದು ಮೊಳಕ್ಕೂ ಉದ್ದ. ಈಡು ಹೊಡೆದಾಗ ಅದು ತನ್ನ ಹಿಡಿಕೆಗಳಲ್ಲಿ ಜಾರುತ್ತೆ, ಪ್ರತಿ ಸಲ ಕೈಯಿಂದ ಹಿಂದಿನ ಜಾಗಕ್ಕೆ ಎಳೆದು ಕೂರಿಸಬೇಕು. ಮೂರು ತಿಂಗಳು ಒರೆಸಿ ಒರೆಸಿ ಇಟ್ಟವನಿಗೆ ಇದೊಂದು ನೆನಪಿರಲಿಲ್ಲ. ಒರೆಸೋದ್ರಿಂದ ಗೊತ್ತಾಗೋ ವಿಷಯವೂ ಅಲ್ಲ ಅದು. ಆಮೇಲಿನ ಐದು ಈಡು ನೂರು ಗಜದಲ್ಲಿ ಒಂದು ಎಂಟಾಣೆ ನಾಣ್ಯದಡಿ ಮುಚ್ಚಿಹೋಗೋಷ್ಟು ಹತ್ತಿರ ಬಿದ್ದವು. ಎಪ್ಪತ್ತು ದಾಟಿದ ಕೋವಿ!

"ನೀವೂ ಎರಡು ಹೊಡೀರಿ" ಅಂದೆ. ಆತ ಬೇಡ ಬೇಡ ಅನ್ನುತ್ತಲೇ ಕೂತ. ಹೊಡೆದ. ಬೋಲ್ಟ್ ತೆಗೆದು ಸುಮ್ಮನೆ ಕೂತೇ ಇದ್ದ. ಆತನ ಮನೇಲೂ ಒಂದಿದೆಯಂತೆ, ಅವನಪ್ಪ ಕೊಟ್ಟದ್ದು, ಇದೇ ಮಾಡೆಲ್, ಒಂದು ಈಡೂ ಹೊಡೆದಿಲ್ಲ. ಖಾಲಿ ಹಿತ್ತಾಳೆ ತೋಟಾಗಳನ್ನ ಬಗ್ಗಿ ಆರಿಸಿ ನನ್ನ ಕೈಗೆ ಕೊಟ್ಟು ಹೋದ. ಪಾಪ ಅನಿಸಿತು. ಬೆಳಿಗ್ಗೆ ಮನಸ್ಸಲ್ಲೇ ಬೈದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯ್ತು. ಸ್ವಲ್ಪವೇ.

ಸಂಜೆ ಪರಿಚಯದ ರೈತರೊಬ್ಬರ ಹುಲ್ಲಿನ ಹೊಲಕ್ಕೆ ಹೋದೆ, ತಲೆ ಮೇಲೆ ಬೇಟೆಗಾರರ ಕಿತ್ತಳೆ ಟೋಪಿ. (ಬಣ್ಣ ಕೇಳಿ ಯಾವ ಪಕ್ಷ ಸೇರಿದೆ ಅನ್ನೋರಿಗೆ ಬೇರೆ ಪೋಸ್ಟ್ ಬರೀತೀನಿ.) ಅಲ್ಲಿ ಕಾಟ ಗ್ರೌಂಡ್‌ಹಾಗ್‌ಗಳದ್ದು. ಹೆಗ್ಗಣಕ್ಕೆ ದೊಡ್ಡಪ್ಪ ಅನ್ನಿ. ಬಿಲ ತೋಡಿ ಮಣ್ಣು ಗುಡ್ಡೆ ಹಾಕುತ್ತೆ, ಹುಲ್ಲು ಕೊಯ್ಯೋ ಯಂತ್ರದ ಅಲಗು ಅದಕ್ಕೆ ಬಡಿಯುತ್ತೆ. ಇದೇ ರಾಜ್ಯದ ಪಂಕ್ಸಾಟಾನಿ ಅನ್ನೋ ಊರಲ್ಲಿ ಫೆಬ್ರವರಿ 2ಕ್ಕೆ ಇದೇ ಪ್ರಾಣಿಯನ್ನ ಟೋಪಿ ಹಾಕಿದ ದೊಡ್ಡ ಮನುಷ್ಯರು ಎತ್ತಿಹಿಡಿದು ಹವಾಮಾನ ಕೇಳ್ತಾರೆ. ಜೂನಲ್ಲಿ ರೈತ ಕೇಳೋ ಪ್ರಶ್ನೆ ಬೇರೆ. "ಪಾಪದ ಪ್ರಾಣಿ" ಅಂತ ಬರೆಯಲು ಹೊರಟವರಿಗೆ ಒಂದೇ ಮಾತು: ಕನ್ನಡ ಕೂಟದ ಪಿಕ್ನಿಕ್ಕಲ್ಲಿ ಬಿರಿಯಾನಿ ಸಾಲಿನಲ್ಲಿ ನನಗಿಂತ ಮುಂದೆ ಯಾರಿದ್ರು ಅಂತ ನನಗೆ ನೆನಪಿದೆ.

ಇನ್ನೂರ ನಲವತ್ತು ಗಜದಲ್ಲಿ ಒಂದು ಎದ್ದು ನಿಂತಿತು. ಅಜ್ಜನ ಪಾಠ ತಲೆಯಲ್ಲಿ, "ದೂರ ಇದ್ರೆ ಸ್ವಲ್ಪ ಮೇಲೆ ಹಿಡಿ." ಹಿಡಿದೆ. ತಲೆ ಮೇಲಿಂದ ಹೋಯ್ತು. ಕೇಪಿನ ಕೋವಿಯ ಬುದ್ಧಿಯನ್ನ ಸ್ವಿಫ್ಟಿಗೆ ಹಾಕಿದರೆ ಇನ್ನೇನಾಗುತ್ತೆ? ದುರ್ಬೀನನ್ನ ಇನ್ನೂರು ಗಜದ ಗುರಿಗೆ ಹೊಂದಿಸಿದ್ರೆ ಈ ಗುಂಡು ಅಷ್ಟು ದೂರಕ್ಕೆ ಎರಡು ಇಂಚೂ ಇಳಿಯಲ್ಲ. ಮುಕ್ಕಾಲು ಗಂಟೆ ಕಾದೆ. ಮತ್ತೊಂದು ಬಂತು. ನೇರ ಹಿಡಿದೆ. ಬಿತ್ತು. ಕೈ ನಡುಗಿತು, ಸುಳ್ಳು ಹೇಳಲ್ಲ.

ವಾಪಸ್ ಬರುವಾಗ ಬೇಲಿ. ಕೋವಿ ಖಾಲಿ ಮಾಡಿ, ಬೋಲ್ಟ್ ತೆಗೆದು, ತಂತಿಯ ಕೆಳಗೆ ತೂರಿಸಿ ಆಚೆ ಮಲಗಿಸಿ, ಆಮೇಲೆ ನಾವು ದಾಟಬೇಕು. ತೂರಿಸಿದೆ. ಕರ್ರ್ ಅಂತು. ಎಡಗಡೆ, ಹಳೇ ಗೀರಿನಿಂದ ಎರಡು ಬೆರಳು ಕೆಳಗೆ.

ಇಷ್ಟುದ್ದ ಭಾಷಣ ಬಿಗಿದ ಮಹಾನುಭಾವನ ತಲೆಗೆ ಮೊದಲು ಬಂದದ್ದು ಏನು ಗೊತ್ತಾ? ಇದಕ್ಕೂ ಮುನ್ನೂರು ಡಾಲರಾ, ಅಥವಾ ಎರಡನೇ ಗೀರಿಗೆ ಕಡಿಮೆಯಾ? ಬೇಲಿ ಪಕ್ಕ ಮಂಡಿಯೂರಿ, ಉಗುಳು ಹಚ್ಚಿ ಉಜ್ಜುತ್ತಾ ಲೆಕ್ಕ ಹಾಕ್ತಿದ್ದೆ.

ಈಗ ಊಟ ಆಗಿದೆ. ನಳಿಗೆ ಒರೆಸಿ ಆಯ್ತು, ಮನೆಯೆಲ್ಲ ಕ್ಲೀನಿಂಗ್ ಎಣ್ಣೆ ವಾಸನೆ. ಹಳೇ ಗೀರು ಕಪ್ಪಗಿದೆ, ನನ್ನದಿನ್ನೂ ಬೆಳ್ಳಗಿದೆ. ಫೋಟೊ ತೆಗೆದು ಭಾವನಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂದು ಅರ್ಧ ಗಂಟೆಯಾಯ್ತು, ಉತ್ತರ ಇಲ್ಲ.