ಡೈವೋರ್ಸ್‌ಗೆ ಸಹಿ ಹಾಕುವ ಮುಂಚೆ ವೀಸಾ ನೋಡಿ

ಮುಂಬೈ ಕನ್ನಡಿಗರ ಮನೆಗಳಲ್ಲಿ ಡೈವೋರ್ಸ್ ಅಂದರೆ ಈಗ ಮೊದಲಿನಷ್ಟು ಗಾಬರಿ ಇಲ್ಲ. ಒಳ್ಳೆಯದೇ ಆಯಿತು. ಆದರೆ ಮದುವೆಯಾಗಿ ಅಮೆರಿಕಕ್ಕೆ ಹೋದ ಮಗಳ ಸಂಸಾರ ಅಲ್ಲೇ ಮುರಿದು ಬಿದ್ದಾಗ ನಮ್ಮ ಹಿರಿಯರ ಬಾಯಲ್ಲಿ ಎರಡೇ ಸಲಹೆ. ಒಂದು, "ಗ್ರೀನ್ ಕಾರ್ಡ್ ಬರೋವರೆಗೆ ಹೇಗಾದರೂ ಹೊಂದಿಕೊಂಡು ಹೋಗು." ಇನ್ನೊಂದು, "ಮುಗೀತಲ್ಲ, ಮ್ಯೂಚುವಲ್‌ಗೆ ಸಹಿ ಹಾಕಿ ಬೇಗ ಕೈ ತೊಳೆದುಕೋ." ನನ್ನ ಪ್ರಕಾರ ಎರಡೂ ತಪ್ಪು. ಎರಡನೆಯದು ಇನ್ನೂ ಜಾಸ್ತಿ ಅಪಾಯ. ಯಾಕಂದರೆ ಅದು ಕೇಳುವುದಕ್ಕೆ ತಿಳಿದವರ ಮಾತಿನ ಹಾಗೇ ಇರುತ್ತದೆ.

ನಾನು ವಕೀಲಿಕೆ ಮಾಡುವ ಪೈಕಿ ಅಲ್ಲ. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾದ ಮೇಲೆ ಇಲ್ಲಿನ ಒಂದು ಕನ್ನಡ ಸಂಘದ ವಧೂವರ ವಿಭಾಗದಲ್ಲಿ ಭಾನುವಾರ ಕೂರುತ್ತೇನೆ. ಮದುವೆ ಕುದುರಿಸುವ ಮೇಜಿಗೆ ಮುರಿದ ಮದುವೆಗಳ ಸುದ್ದಿಯೂ ಬಂದು ಬೀಳುತ್ತದೆ. ಕೇಳಿ ಕೇಳಿ, ಓದಿ ಓದಿ ಒಂದಿಷ್ಟು ಗೊತ್ತಾಗಿದೆ.

ಮೊದಲು ಎಚ್-4. ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾ, ಅದರ ಮೇಲೆ ಕೆಲಸ ಮಾಡುವ ಹುಡುಗನ ಹೆಂಡತಿಗೆ ಸಿಗುವ ವೀಸಾ ಇದೇ. ನಮ್ಮ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯಿಂದ ಹೋದ ಹುಡುಗಿಯರಲ್ಲಿ ಬಹಳ ಮಂದಿ ಇದರ ಮೇಲೇ ಹೋದವರು. ಈ ವೀಸಾಕ್ಕೆ ಸ್ವಂತ ಕಾಲಿಲ್ಲ. ಗಂಡನ ಕೆಲಸ ಹೋದರೆ ಅಮೆರಿಕದ ನಿಯಮ ಗರಿಷ್ಠ 60 ದಿನಗಳ ಬಿಡುವು ಕೊಡುತ್ತದೆ, ಹೆಂಡತಿ ಮಕ್ಕಳಿಗೂ ಸೇರಿಸಿ. ಆದರೆ ಡೈವೋರ್ಸ್ ಆದರೆ ಅಂಥ ಬಿಡುವು ಇಲ್ಲ. ಡಿಕ್ರಿ, ಅಂದರೆ ಕೋರ್ಟಿನ ಡೈವೋರ್ಸ್ ಆದೇಶ, ಯಾವತ್ತು ಅಂತಿಮವಾಯಿತೋ ಅವತ್ತಿಗೇ ಎಚ್-4 ಮುಗಿದ ಹಾಗೆ. "ನನ್ನ ಐ-94ರಲ್ಲಿ ಇನ್ನೂ ಒಂದೂವರೆ ವರ್ಷ ಇದೆ" ಅಂತ ನಿಶ್ಚಿಂತೆಯಾಗಿರುವವರಿದ್ದಾರೆ. ಐ-94 ಅಂದರೆ ಅಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ತೋರಿಸುವ ಕಾಗದ. ಕಾಗದದ ಮೇಲಿನ ತಾರೀಖು ಮದುವೆ ಉಳಿದಿದ್ದರೆ ಮಾತ್ರ ಲೆಕ್ಕಕ್ಕೆ.

ಇದರಲ್ಲೇ ಒಂದು ಒಳ್ಳೆಯ ಸಂಗತಿಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬೇರೆ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ, ಕೋರ್ಟಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಎಚ್-4 ಹೋಗುವುದಿಲ್ಲ. ಡಿಕ್ರಿ ಆಗುವವರೆಗೂ ಕಾನೂನಿನ ಕಣ್ಣಲ್ಲಿ ಅವಳು ಹೆಂಡತಿಯೇ. ಅಂದರೆ ಜಗಳ ಶುರುವಾದ ದಿನದಿಂದ ಡಿಕ್ರಿಯ ದಿನದವರೆಗೆ ಇರುವ ಸಮಯವೇ ಅವಳ ಆಸ್ತಿ. ಅಷ್ಟರೊಳಗೆ ಎಫ್-1ಗೆ, ಅಂದರೆ ವಿದ್ಯಾರ್ಥಿ ವೀಸಾಕ್ಕೆ, ಬದಲಾಯಿಸಿಕೊಳ್ಳಬಹುದು. ಕಂಪನಿ ಸಿಕ್ಕರೆ ಮಾರ್ಚ್‌ನ ಎಚ್-1ಬಿ ಲಾಟರಿಗೆ ಹೆಸರು ಹಾಕಿಸಬಹುದು, ಸಿಕ್ಕರೆ ಅಕ್ಟೋಬರ್‌ನಿಂದ ಕೆಲಸ. ಎಚ್-4ರಲ್ಲಿ ಕಳೆದ ವರ್ಷಗಳು ಎಚ್-1ಬಿಯ ಆರು ವರ್ಷದ ಮಿತಿಯಿಂದ ಕಳೆದೂ ಹೋಗುವುದಿಲ್ಲ. ಅರ್ಜಿ ಹಾಕುವ ದಿನ ಕೈಯಲ್ಲಿ ಸ್ಟೇಟಸ್, ಅಂದರೆ ಅಲ್ಲಿ ಇರುವ ಕಾನೂನಿನ ಅನುಮತಿ, ಇರಬೇಕು, ಅಷ್ಟೇ ಷರತ್ತು. ಆ "ಅಷ್ಟೇ" ಅನ್ನುವುದನ್ನು ನಮ್ಮ ಅವಸರ ಹಾಳುಮಾಡುತ್ತದೆ.

ಅವಸರ ಯಾರಿಗೆ? ಹುಡುಗಿಯ ಅಪ್ಪನಿಗೆ. ಇಲ್ಲಿ ಪರಸ್ಪರ ಒಪ್ಪಿಗೆಯ ಡೈವೋರ್ಸ್ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಕೆಳಗೆ ಆಗುತ್ತದೆ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟ್ ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹೆಚ್ಚಿನವರಿಗೆ ಅದು ದೊಡ್ಡ ಉಪಕಾರ. ಹಾಗಾಗಿ ಈಗ ವಕೀಲರು ಮೊದಲ ದಿನವೇ "ಕೂಲಿಂಗ್ ಪೀರಿಯಡ್ ವೇವ್ ಮಾಡಿಸಿಕೊಡ್ತೀನಿ" ಅನ್ನುತ್ತಾರೆ, ಅಪ್ಪ ಖುಷಿಯಿಂದ ತಲೆಯಾಡಿಸುತ್ತಾನೆ. ಮಗಳು ಎಚ್-4ರಲ್ಲಿದ್ದರೆ ಆ ಆರು ತಿಂಗಳು ಅವಳ ಕೊಡೆ. ಮಳೆ ನಿಲ್ಲುವ ಮುಂಚೆ ಅದನ್ನು ನಾವೇ ಕಸಿದುಕೊಳ್ಳುತ್ತೇವೆ. ಡಿಕ್ರಿ ನ್ಯೂಜೆರ್ಸಿಯಲ್ಲಿ ಆಗಲಿ, ಬಾಂದ್ರಾದಲ್ಲಿ ಆಗಲಿ, ಮದುವೆ ಮುಗಿಯಿತು ಅಂದರೆ ವೀಸಾವೂ ಮುಗಿಯಿತು.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಗುವುದಿತ್ತು. ಕುಂದಾಪುರ ಕಡೆಯಿಂದ ಬಂದು ಇಲ್ಲಿ ಹೋಟೆಲ್ ನಡೆಸಿದ ಕುಟುಂಬ. ಗಂಡನ ಕಡೆಯಿಂದ ಕಾಗದ ಬಂತು, ಅಪ್ಪನಿಗೆ ಸಹಿ ಹಾಕಿಸಿ ಮುಗಿಸುವ ತವಕ. ತಂಗಿಯ ಮದುವೆ ಇತ್ತಲ್ಲ, ಅದಕ್ಕೆ ಮುಂಚೆ ಈ ಅಧ್ಯಾಯ ಮುಚ್ಚಬೇಕು. ಹುಡುಗಿ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಕಾಲೇಜಿನಿಂದ ಐ-20 ಬರಲಿ, ಎಫ್-1 ಆಗಲಿ, ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕ್ತೀನಿ." ಐ-20 ಅಂದರೆ ಎಫ್-1ಗೆ ಬೇಕಾದ ಕಾಲೇಜಿನ ಕಾಗದ. ಗಂಡನ ಮನೆಯವರು "ದುಡ್ಡಿಗೋಸ್ಕರ ಎಳೆಯುತ್ತಿದ್ದಾಳೆ" ಅಂದರು. ನಮ್ಮವರಲ್ಲೂ ಕೆಲವರು ಹಾಗೇ ಅಂದರು. ಅವಳು ಕಾದಳು. ಎಫ್-1 ಆಯಿತು, ಸಹಿಯೂ ಆಯಿತು. ಈಗ ಅವಳು ಊರಿಗೆ ಬಂದರೆ ವಾಪಸ್ ಹೋಗುವ ಮುಂಚೆ ಮತ್ತೆ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ, ಆಗಬೇಕು, ಯಾಕಂದರೆ ಒಳಗಿದ್ದುಕೊಂಡು ಬದಲಾಯಿಸಿಕೊಂಡದ್ದು ಸ್ಟೇಟಸ್, ಪಾಸ್‌ಪೋರ್ಟಿನ ವೀಸಾ ಅಲ್ಲ. ಹಾಗಾಗಿ ತಂಗಿಯ ಮದುವೆಗೆ ಅವಳು ಬರಲಿಲ್ಲ. ಇದಕ್ಕೂ ಅವಳನ್ನೇ ಬೈದರು.

ಇನ್ನು "ಗ್ರೀನ್ ಕಾರ್ಡ್ ಬರೋವರೆಗೆ ಸಹಿಸಿಕೋ" ಅನ್ನುವ ಸಲಹೆ. ಇದನ್ನು ಹೇಳುವವರಿಗೆ ಆ ಸಾಲು ಎಷ್ಟು ಉದ್ದ ಅಂತ ಗೊತ್ತಿರುವುದಿಲ್ಲ. ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡಿನಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಸುಮಾರು ಶೇಕಡಾ 7ರ ಮಿತಿ ಇದೆ. ಭಾರತದವರ ಸಾಲು ಅದಕ್ಕೇ ಹತ್ತು ವರ್ಷಕ್ಕೂ ಮೇಲೆ ಹೋಗಿದೆ. ಒಂದು ವರ್ಷ ಹಲ್ಲು ಕಚ್ಚಿಕೊಂಡು ಇರು ಅನ್ನುವುದು ಬೇರೆ. ಯೌವನ ಪೂರ್ತಿ ಹಾಗೇ ಇರು ಅನ್ನುವುದು ಬೇರೆ. ಅಷ್ಟು ಕಾದು ಕೊನೆಯಲ್ಲಿ ಕಾರ್ಡ್ ಮಂಜೂರಾಗುವ ಮುಂಚೆ ಡೈವೋರ್ಸ್ ಆದರೆ ಹೆಂಡತಿ ಸಾಲಿನಿಂದ ಹೊರಗೆ. ಗಂಡ ಸಾಲಿನಲ್ಲೇ ಇರುತ್ತಾನೆ.

ಹುಡುಗ ಅಮೆರಿಕದ ಸಿಟಿಜನ್ ಆಗಿದ್ದರೆ ಕಥೆ ಬೇರೆ. ಹೆಂಡತಿಗೆ ಕಾರ್ಡ್ ಸಿಕ್ಕ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಅದು ಎರಡು ವರ್ಷದ ಷರತ್ತಿನ ಕಾರ್ಡ್. ಮುಗಿಯುವ ಕೊನೆಯ 90 ದಿನಗಳಲ್ಲಿ ಇಬ್ಬರೂ ಸೇರಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಬೇಕು. "ನಾನು ಸಹಿ ಹಾಕಲ್ಲ, ನಿನ್ನನ್ನ ವಾಪಸ್ ಕಳಿಸ್ತೀನಿ" ಅನ್ನುವ ಬೆದರಿಕೆ ಹುಟ್ಟುವುದು ಇಲ್ಲೇ. ಬೆದರಿಕೆ ಸುಳ್ಳು. ಡೈವೋರ್ಸ್ ಆದರೆ, ಅಥವಾ ಹಿಂಸೆ ಇದ್ದರೆ, ಅವಳು ಒಬ್ಬಳೇ ಆ ಅರ್ಜಿ ಹಾಕಬಹುದು. ಮದುವೆ ನಿಜವಾದದ್ದು, ಕಾರ್ಡಿಗಾಗಿ ಮಾಡಿಕೊಂಡದ್ದಲ್ಲ ಅಂತ ತೋರಿಸಬೇಕು. ಹೆಂಡತಿಯನ್ನು ಕರೆಸಿಕೊಳ್ಳುವಾಗ ಅವನು ಐ-864 ಅಂತ ಒಂದು ಹೊಣೆಪತ್ರಕ್ಕೆ ಸಹಿ ಹಾಕಿರುತ್ತಾನೆ. ಆ ಹೊಣೆ ಡೈವೋರ್ಸ್ ಆದರೂ ಮುಗಿಯುವುದಿಲ್ಲ. ಇದನ್ನು ಒಬ್ಬ ಗಂಡನೂ ತಾನಾಗಿ ಹೇಳಿದ್ದು ನಾನು ಕೇಳಿಲ್ಲ.

ಮದುವೆ ನಿಜ ಅಂತ ತೋರಿಸುವುದು ಹೇಗೆ? ಬ್ಯಾಂಕಿನಲ್ಲಿದ್ದ ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಜಾಯಿಂಟ್ ಅಕೌಂಟ್, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ತುಂಬಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್, ಇವೇ ಸಾಕ್ಷಿ. ನಮ್ಮ ಹುಡುಗಿಯರ ಹತ್ತಿರ ಇರುವುದು ಮದುವೆ ಆಲ್ಬಮ್ ಮತ್ತು ಗಂಡನ ಕ್ರೆಡಿಟ್ ಕಾರ್ಡಿನ ಆಡ್-ಆನ್. ಎಂ.ಕಾಂ. ಓದಿದ ಹುಡುಗಿಗೂ ಮನೆ ಬಾಡಿಗೆ ಎಷ್ಟು ಅಂತ ಗೊತ್ತಿರುವುದಿಲ್ಲ. ಎಚ್-4ರವರಿಗಂತೂ ಕೆಲಸದ ಅನುಮತಿ ಇಲ್ಲದೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದೇ ಕಷ್ಟ. 2015ರಿಂದ ಕೆಲವರಿಗೆ ಆ ಅನುಮತಿಯ ಕಾರ್ಡ್ (ಈಎಡಿ) ಕೊಡುತ್ತಿದ್ದಾರೆ, ಆದರೆ ಅದೂ ಗಂಡನ ಗ್ರೀನ್ ಕಾರ್ಡ್ ಕೆಲಸ ಒಂದು ಹಂತಕ್ಕೆ ಬಂದಿದ್ದರೆ ಮಾತ್ರ.

ಹೊಡೆತ ಬಡಿತ ಇದ್ದಲ್ಲಿ ಕಾನೂನು ಎಲ್ಲರನ್ನೂ ಒಂದೇ ತರಹ ನೋಡುವುದಿಲ್ಲ. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನಾಗಿದ್ದರೆ ಹೆಂಡತಿ, ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಅಲ್ಲಿ ಇರುವ ವಾವಾ ಕಾಯ್ದೆಯ ಕೆಳಗೆ, ಗ್ರೀನ್ ಕಾರ್ಡಿಗೆ ತಾನೇ ಅರ್ಜಿ ಹಾಕಬಹುದು, ಡೈವೋರ್ಸ್ ಆಗಿ ಎರಡು ವರ್ಷದವರೆಗೂ. ಎಚ್-4ರವಳಿಗೆ ಆ ದಾರಿ ಇಲ್ಲ. ಅವಳಿಗೆ ಹಿಂಸೆಯ ಆಧಾರದ ಮೇಲೆ ಪ್ರತ್ಯೇಕ ಕೆಲಸದ ಅನುಮತಿ ಕೇಳುವ ಅವಕಾಶ ಇದೆ. ಪೊಲೀಸರಿಗೆ ನೆರವಾದರೆ, ಅಪರಾಧಕ್ಕೆ ಗುರಿಯಾದವರಿಗೆ ಕೊಡುವ ಯು ವೀಸಾಕ್ಕೆ ಅರ್ಜಿ ಹಾಕಬಹುದು, ಅದು ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ಒಂದೇ ಊರು, ಒಂದೇ ಏಟು, ಗಂಡನ ಪಾಸ್‌ಪೋರ್ಟ್ ನೋಡಿ ರಕ್ಷಣೆ. ಅಮೆರಿಕವನ್ನು ಹೊಗಳುವವರು ಇದಕ್ಕೂ ಒಂದು ಉತ್ತರ ಹೇಳಬೇಕು.

ಈಗ ನಮ್ಮ ಕಡೆಗೆ ಬರೋಣ. ಮುಂಬೈಯಲ್ಲಿ ಅಮೆರಿಕನ್ ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯಲ್ಲಿ. ಫ್ಯಾಮಿಲಿ ಕೋರ್ಟೂ ಬಿಕೆಸಿಯಲ್ಲೇ. ಕುರ್ಲಾ ಸ್ಟೇಷನ್ನಿನಲ್ಲಿ ಇಳಿದರೆ ಎರಡಕ್ಕೂ ಒಂದೇ ಕಡೆಯಿಂದ ರಿಕ್ಷಾ. ಆದರೆ ಈ ಎರಡು ಕಟ್ಟಡಗಳಿಗೆ ಒಂದೇ ಹೆಣ್ಣಿನ ಮದುವೆ ಎರಡು ತರಹ ಕಾಣಬಹುದು. ಗಂಡ ಅಮೆರಿಕದ ಕೋರ್ಟಿನಲ್ಲಿ "ಹೊಂದಾಣಿಕೆ ಇಲ್ಲ" ಅಂತಷ್ಟೇ ಹೇಳಿ, ಇವಳು ಹಾಜರಾಗದೆ ಇದ್ದಾಗ ಡಿಕ್ರಿ ತೆಗೆದುಕೊಂಡ ಅನ್ನಿ. ವೀಸಾದವರ ಲೆಕ್ಕದಲ್ಲಿ ಮದುವೆ ಮುಗಿಯಿತು, ಎಚ್-4 ಹೋಯಿತು. ಇಲ್ಲಿ ಅಷ್ಟು ಸುಲಭ ಅಲ್ಲ. 1975ರಲ್ಲಿ ತಿರುಪತಿಯಲ್ಲಿ ಆದ ಒಂದು ಮದುವೆಗೆ ಮಿಸೌರಿಯ ಕೋರ್ಟ್ ಕೊಟ್ಟ ಡೈವೋರ್ಸನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಮದುವೆ ಯಾವ ಕಾನೂನಿನ ಪ್ರಕಾರ ಆಯಿತೋ ಅದರಲ್ಲಿರುವ ಕಾರಣಕ್ಕೇ ಡೈವೋರ್ಸ್ ಆಗಿರಬೇಕು, ಅಥವಾ ಇನ್ನೊಬ್ಬರು ಮನಸ್ಸಿನಿಂದ ಅಲ್ಲಿನ ಕೋರ್ಟಿಗೆ ಒಪ್ಪಿರಬೇಕು ಅನ್ನುವುದು ಆ ತೀರ್ಪಿನ ಸಾರ. ಅಲ್ಲಿನ "ಹೊಂದಾಣಿಕೆ ಇಲ್ಲ" ಹಿಂದೂ ವಿವಾಹ ಕಾಯ್ದೆಯಲ್ಲಿ ಇಂದಿಗೂ ಕಾರಣವಲ್ಲ. ಹಾಗಾಗಿ ಅವಳು ಅಲ್ಲಿ ಇರುವ ಹಾಗಿಲ್ಲ, ಇಲ್ಲಿ ಇನ್ನೊಂದು ಮದುವೆ ಆಗುವ ಹಾಗಿಲ್ಲ. ನಮ್ಮ ಮೇಜಿಗೆ ಬಂದು "ಡೈವೋರ್ಸ್ ಆಗಿದೆ, ಅಮೆರಿಕದ ಕಾಗದ ಇದೆ" ಅನ್ನುವವರಿಗೆ ನಾನು ಮೊದಲು ವಕೀಲರಿಗೆ ತೋರಿಸಿ ಬನ್ನಿ ಅನ್ನುತ್ತೇನೆ. ಕೋಪ ಮಾಡಿಕೊಳ್ಳುತ್ತಾರೆ. ಹೆಂಡತಿ ತಾನಿರುವ ಊರಿನಲ್ಲೇ ಕೇಸ್ ಹಾಕಬಹುದು ಅಂತ 2003ರಲ್ಲೇ ಕಾಯ್ದೆ ತಿದ್ದಿದ್ದಾರೆ. ಅದನ್ನಾದರೂ ತಿಳಿದುಕೊಂಡು ಹೋಗಲಿ.

ರಜೆಗೆ ಅಂತ ಕರೆದುಕೊಂಡು ಬಂದು ತವರಿನಲ್ಲಿ ಬಿಟ್ಟು ಹಾರಿಹೋಗುವ ಗಂಡಂದಿರೂ ಇದ್ದಾರೆ. ಪಾಸ್‌ಪೋರ್ಟ್ ಅವನ ಬ್ಯಾಗಿನಲ್ಲಿ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಬಹುದು. ಆದರೆ ಎಚ್-4 ಸ್ಟಾಂಪಿಂಗ್‌ಗೆ ಗಂಡನ ಐ-797 (ಎಚ್-1ಬಿ ಮಂಜೂರಾದ ಕಾಗದ), ಕೆಲಸದ ಕಾಗದ ಬೇಕು, ಅವನು ಕೊಡಬೇಕಲ್ಲ? ಅದಕ್ಕೇ ನಾನು ಹೋಗುವ ಹುಡುಗಿಯರಿಗೆ ಹೇಳುವುದು ಒಂದೇ. ಪ್ರತಿ ಕಾಗದದ ಫೋಟೋ ನಿನ್ನ ಸ್ವಂತ ಈಮೇಲ್‌ನಲ್ಲಿ ಇರಲಿ, ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಈಮೇಲ್‌ನಲ್ಲಿ. ಹೀಗೆ ಬಿಟ್ಟುಹೋದವರ ದೂರು ಕೇಳಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ಸೆಲ್ ಇದೆ. ಎನ್‌ಆರ್‌ಐ ಮದುವೆ 30 ದಿನದೊಳಗೆ ನೋಂದಣಿ ಆಗಬೇಕು ಅನ್ನುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂತು, ಕಾನೂನಾಗಲಿಲ್ಲ. 2024ರಲ್ಲಿ ಕಾನೂನು ಆಯೋಗವೂ ನೋಂದಣಿ ಕಡ್ಡಾಯ ಮಾಡಿ ಅಂತ ವರದಿ ಕೊಟ್ಟಿತು.

"ಮಗುವನ್ನ ಎತ್ತಿಕೊಂಡು ವಿಮಾನ ಹತ್ತು, ಆಮೇಲೆ ನೋಡೋಣ" ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಮಕ್ಕಳನ್ನು ಗಡಿ ದಾಟಿಸುವ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ ನಿಜ. ಆದರೆ ಅಮೆರಿಕದಲ್ಲಿ ಅದು ಕ್ರಿಮಿನಲ್ ಕೇಸ್ ಆಗಬಹುದು. ಆಮೇಲೆ ಆ ತಾಯಿ ಮತ್ತೆ ಆ ದೇಶಕ್ಕೆ ಕಾಲಿಡಲು ಹೆದರಬೇಕು.

ಬೇರೆ ದೇಶಗಳಲ್ಲಿ ನಿಯಮ ಬೇರೆ. ಪುಣೆಯಿಂದ ಜರ್ಮನಿಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೆ ಹೆಂಡತಿಗೆ ಸ್ವಂತ ವಾಸದ ಹಕ್ಕು, ತೀರಾ ಕಷ್ಟದ ಪ್ರಸಂಗದಲ್ಲಿ ಅದಕ್ಕೂ ಮುಂಚೆ. ಕೆನಡಾ ತನ್ನ ಎರಡು ವರ್ಷದ ಷರತ್ತನ್ನು 2017ರಲ್ಲೇ ತೆಗೆದುಹಾಕಿತು. ದುಬೈ ಕಡೆ ಡೈವೋರ್ಸ್ ಆದ ಹೆಣ್ಣಿಗೆ ಒಂದು ವರ್ಷ ಸ್ಪಾನ್ಸರ್ ಇಲ್ಲದೆ ಇರಲು 2018ರಲ್ಲಿ ಅವಕಾಶ ಕೊಟ್ಟರು. ನಮ್ಮ ದೇಶವೂ ಏನು ಕಡಿಮೆಯಿಲ್ಲ. ಭಾರತೀಯರನ್ನು ಮದುವೆಯಾಗಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆದ ವಿದೇಶಿ ಸೊಸೆಗೋ ಅಳಿಯನಿಗೋ ಡೈವೋರ್ಸ್ ಆದರೆ ಸರ್ಕಾರ ಆ ಕಾರ್ಡನ್ನು ರದ್ದು ಮಾಡಬಹುದು.

ನಮ್ಮ ವಧೂವರ ಫಾರ್ಮಿನಲ್ಲಿ ಗೋತ್ರ, ನಕ್ಷತ್ರ, ಎತ್ತರ, ಸಂಬಳ, ಕನ್ನಡಕ ಇದೆಯೇ ಇಲ್ಲವೇ, ಎಲ್ಲಕ್ಕೂ ಜಾಗ ಇದೆ. ವಿದೇಶದ ಹುಡುಗನಿಗೆ ಮೂರು ಸಾಲು ಸೇರಿಸಿ ಅಂತ ಕಮಿಟಿಗೆ ಬರೆದುಕೊಟ್ಟಿದ್ದೇನೆ: ಈಗಿನ ವೀಸಾ ಯಾವುದು, ಹೆಂಡತಿಗೆ ಯಾವ ವೀಸಾ ಸಿಗುತ್ತದೆ, ಅದರ ಮೇಲೆ ಅವಳು ಕೆಲಸ ಮಾಡಬಹುದೇ. "ಗಂಡಿನ ಕಡೆಯವರು ಬೇಜಾರು ಮಾಡಿಕೊಳ್ತಾರೆ" ಅಂತ ಒಬ್ಬರು ಅಂದರು. ಸಂಬಳ ಕೇಳಿದಾಗ ಆಗದ ಬೇಜಾರು ವೀಸಾ ಕೇಳಿದರೆ ಯಾಕೆ ಆಗಬೇಕು? ಬರುವ ತಿಂಗಳ ಮೀಟಿಂಗಿನಲ್ಲಿ ಮತ್ತೆ ಎತ್ತುತ್ತೇನೆ. ಸಂಘದ ಸದಸ್ಯರು ಇದನ್ನು ಓದುತ್ತಿದ್ದರೆ ಬಂದು ಕೈ ಎತ್ತಿ.