ಒಂಬತ್ತು ಇಂಚು ಅರವತ್ತು ಸೆಂಟು

ಕೊಡಗಿನಲ್ಲಿ ಜುಲೈ ಅಂದರೆ ಯಾರೂ ಹೊಸದೇನನ್ನೂ ಶುರು ಮಾಡಲ್ಲ. ಕಕ್ಕಡ ಅನ್ನುವ ಈ ಮಳೆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಒಗೆದ ಬಟ್ಟೆಯಂತೂ ಒಣಗುವ ಮಾತೇ ಇಲ್ಲ. ಆದರೆ ಸೇವಾ ಕ್ಲಬ್‌ಗಳ ವರ್ಷ ಮಾತ್ರ ಸರಿಯಾಗಿ ಜುಲೈ 1ಕ್ಕೇ ಶುರುವಾಗುತ್ತದೆ. ಈ ಕ್ಲಬ್ಬಿನ ಗೀಳು ಹತ್ತಿಸಿದ್ದು ಷಿಕಾಗೋದವರು. 1905ರಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂವರು ಗೆಳೆಯರನ್ನು ಸೇರಿಸಿಕೊಂಡು ಶುರು ಮಾಡಿದರು, ಒಂದೊಂದು ಸಲ ಒಬ್ಬೊಬ್ಬರ ಆಫೀಸಿನಲ್ಲಿ ಸರದಿ ಮೇಲೆ ಸೇರುತ್ತಿದ್ದರು, ಅದಕ್ಕೇ ರೋಟರಿ ಅಂತ ಹೆಸರು. ಅವರಿಗೆ ಜುಲೈ ಅಂದರೆ ಬೇಸಿಗೆ. ನಮಗೆ ಕಂಬಳಿ, ಜಿಗಣೆ, ಕರೆಂಟಿಲ್ಲ. (ನಮ್ಮದು ರೋಟರಿಯೋ ಲಯನ್ಸೋ ಇನ್ನೊಂದೋ ಅಂತ ನಾನು ಹೇಳಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.)

ಈ ವರ್ಷದ ಕಾರ್ಯದರ್ಶಿ ನಾನು. ಆಯ್ಕೆ ನಡೆದ ದಿನ ನಾನು ಸಭೆಗೆ ಹೋಗಿರಲಿಲ್ಲ, ಅದೇ ನಾನು ಮಾಡಿದ ತಪ್ಪು.

ಮಂಗಳವಾರ ಸಂಜೆ ಏಳಕ್ಕೆ ಸಭೆ. ಏಳೂಕಾಲಿಗೆ ಬಂದವರು ಒಂಬತ್ತು ಮಂದಿ, ಬಾಗಿಲ ಹತ್ತಿರ ಒಂಬತ್ತು ಕಪ್ಪು ಕೊಡೆ. ಅಧ್ಯಕ್ಷರು ಕೊರಳಿಗೆ ಪದಕದ ಹಾರ ಹಾಕಿಕೊಂಡು ಗಂಟೆ ಹೊಡೆಯಲು ಸುತ್ತಿಗೆ ಎತ್ತಿದರು, ಅಷ್ಟಕ್ಕೇ ಕರೆಂಟ್ ಹೋಯಿತು. ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಕತ್ತಲಲ್ಲಿ ಅವರು ಹೊಡೆದದ್ದು ಗಂಟೆಗಲ್ಲ, ಅತಿಥಿಗೆ ಇಟ್ಟಿದ್ದ ಕಾಫಿ ಕಪ್ಪಿಗೆ. ಸಭೆ ಶುರುವಾಯಿತು ಅಂತ ಎಲ್ಲರೂ ಎದ್ದು ನಿಂತರು.

ಅತಿಥಿ ಮೈಸೂರಿನಿಂದ ಬಂದಿದ್ದ ಹುಡುಗ. ವಿಷಯ, ಮಳೆ ನೀರು ಕೊಯ್ಲು. ಜುಲೈ ತಿಂಗಳಲ್ಲಿ, ಕೊಡಗಿನಲ್ಲಿ. ವಿಷಯ ಆರಿಸಿದ್ದೂ ನಾನೇ. ಅವನು ಪಾಪ ಬಹಳ ತಯಾರಿ ಮಾಡಿಕೊಂಡು ಬಂದಿದ್ದ, ಆದರೆ ಪ್ರೊಜೆಕ್ಟರಿಗೆ ಕರೆಂಟಿಲ್ಲ. ಮೇಣದ ಬತ್ತಿ ಹಚ್ಚಿಟ್ಟೆವು. ಸುಮ್ನೆ ಮಾತಿಗೆ ಪೀಠಿಕೆ ಇರಲಿ ಅಂತ ಅವನು ಒಂದು ಪ್ರಶ್ನೆ ಕೇಳಿದ: "ನಿಮ್ಮ ಕಡೆ ಎಷ್ಟು ಮಳೆ ಬರುತ್ತೆ ಸರ್?"

ಕೊಡಗಿನಲ್ಲಿ ಈ ಪ್ರಶ್ನೆಯನ್ನು ಸುಮ್ನೆ ಕೇಳಬಾರದು.

ನಮ್ಮಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯೋದು ರೇಡಿಯೋದವರು ಮಾತ್ರ. ತೋಟದವರ ಲೆಕ್ಕ ಇಂಚು ಮತ್ತು ಸೆಂಟು, ಒಂದು ಇಂಚಿಗೆ ನೂರು ಸೆಂಟು. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿಯ ಮೊಗ್ಗಿಗೆ ಹೂಮಳೆ ಬೇಕಾದಾಗ ಈ ಸೆಂಟು ಅಂದರೆ ದುಡ್ಡು. ಒಂದು ಇಂಚು ಬಿದ್ದವನು ಬೀಗುತ್ತಾನೆ, ಮೂವತ್ತು ಸೆಂಟು ಬಿದ್ದವನು ಪಂಪ್‌ಸೆಟ್ಟಿಗೆ ಡೀಸೆಲ್ ತರಲು ಓಡುತ್ತಾನೆ. ಜುಲೈಯಲ್ಲಿ ಅದು ಬರೀ ಮರ್ಯಾದೆಯ ಪ್ರಶ್ನೆ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರು ಮಳೆ ಲೆಕ್ಕವನ್ನು ಪೂರ್ತಿ ತಮಾಷೆಗೂ ತೆಗೆದುಕೊಳ್ಳಲ್ಲ, ಅದು ಬೇರೆ ಮಾತು. ಆದರೂ ಪೈಪೋಟಿ ಪೈಪೋಟಿಯೇ.

ಭಾಗಮಂಡಲ ಕಡೆಯವರು ಮೊದಲು ಎದ್ದರು, ಏಳು ಇಂಚು ಹತ್ತು ಸೆಂಟು. ಗಾಳಿಬೀಡಿನವರು ಆರು ಎಂಬತ್ತು ಅಂದು, ನಿನ್ನೆಯದು ಇದಕ್ಕಿಂತ ಜಾಸ್ತಿ ಅಂತ ಸೇರಿಸಿದರು. ಸಿದ್ದಾಪುರದವರು ಎರಡು ಇಂಚು. ಕುಶಾಲನಗರದವರೊಬ್ಬರು ಮೆಲ್ಲಗೆ "ಇಪ್ಪತ್ತು ಸೆಂಟು" ಅಂದಾಗ ಎಲ್ಲರೂ ಅವರನ್ನು ಸಾವಿನ ಮನೆಯವರನ್ನು ನೋಡಿದ ಹಾಗೆ ನೋಡಿದರು. ನಮ್ಮ ಪಕ್ಕದ ತೋಟದವರು ಚೀಟಿ ತೆಗೆದು ಓದಿದರು, ಮೂರು ಇಂಚು ನಲವತ್ತು.

ಆಮೇಲೆ ನಾನು ಎದ್ದೆ. ಆ ಬೆಳಿಗ್ಗೆ ಅಳತೆ ಗ್ಲಾಸಿನಲ್ಲಿ ಒಂಬತ್ತು ಸಲ ತುಂಬಿಸಿ ಚೆಲ್ಲಿ, ಹತ್ತನೇ ಸಲ ಅರವತ್ತರ ಗೆರೆ ನೋಡಿದ ಖುಷಿ ಇನ್ನೂ ಎದೆಯಲ್ಲಿತ್ತು.

"ಒಂಬತ್ತು ಇಂಚು ಅರವತ್ತು ಸೆಂಟು."

ಸಭೆ ಗಪ್‌ಚಿಪ್. ಭಾಗಮಂಡಲದವರ ಮುಖ ಮೇಣದ ಬತ್ತಿಗಿಂತ ಬೇಗ ಕರಗಿತು. ಪಕ್ಕದ ತೋಟದವರು ಕನ್ನಡಕ ತೆಗೆದು ಒರೆಸಿದರು.

"ನಮಗೂ ನಿಮಗೂ ಮಧ್ಯೆ ಇರೋದು ಒಂದು ಬೇಲಿ ಅಲ್ವಾ?"

"ಬೇಲಿಯ ಈಚೆ ಸ್ವಲ್ಪ ಜಾಸ್ತಿ ಬಿತ್ತು ಸರ್," ಅಂದೆ.

ಮುಂದಿನ ಮುಕ್ಕಾಲು ಗಂಟೆ ಬೇಲಿಯ ಮೇಲೆ ಚರ್ಚೆ ನಡೆಯಿತು. ಅತಿಥಿ ಎರಡು ಸಲ "ಈಗ ಕೊಯ್ಲಿನ ವಿಷಯಕ್ಕೆ ಬಂದರೆ" ಅಂದದ್ದು ಹೆಂಚಿನ ಮೇಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಊಟದ ಹೊತ್ತಾಯಿತು. ವಂದನಾರ್ಪಣೆಯನ್ನು ನಾನು ಹಿಂದಿನ ದಿನವೇ ಬರೆದಿಟ್ಟಿದ್ದೆ, ಹಾಗೇ ಓದಿದೆ: "ತಮ್ಮ ಸುದೀರ್ಘ ಉಪನ್ಯಾಸದಿಂದ ನಮ್ಮ ಕಣ್ಣು ತೆರೆಸಿದ ಅತಿಥಿಗಳಿಗೆ..." ಅವನು ನೆನಪಿನ ಕಾಣಿಕೆ ತೆಗೆದುಕೊಂಡು, ಅಕ್ಕಿ ರೊಟ್ಟಿ, ಕಣಿಲೆ ಪಲ್ಯ ತಿಂದು, ನನ್ನ ಕೊಡೆ ಹಿಡಿದು ಹೋದ.

ಮಾರನೇ ಬೆಳಿಗ್ಗೆ ಎಂಟಕ್ಕೆ ನಮ್ಮ ಅಂಗಳದಲ್ಲಿ ಜೀಪು. ಅಧ್ಯಕ್ಷರು, ಸಾರ್ಜೆಂಟ್ (ತಡವಾಗಿ ಬಂದವರಿಗೆ, ಫೋನ್ ಹೊಡೆದುಕೊಂಡವರಿಗೆ ದಂಡ ಹಾಕುವವರು), ಪಕ್ಕದ ತೋಟದವರು.

"ನಿಮ್ಮ ಮಳೆ ಮಾಪಕ ನೋಡೋಣ ಅಂತ ಬಂದ್ವಿ."

ಅಂಗಳದ ನಡುವಿನ ಕಟ್ಟೆಯ ಮೇಲೆ ಮಾಪಕ ಇರಲಿಲ್ಲ. ಒಳಗಿಂದ ಅಮ್ಮ ಬಂದರು. ಅವರು ಮೈಸೂರು ಕಡೆಯವರು, ಹಿಂದಿನ ಭಾನುವಾರವಷ್ಟೇ ಬಂದಿದ್ದರು.

"ಆ ಲಾಳಿಕೆ ಡಬ್ಬಾನಾ? ಪಾಪ, ಅಷ್ಟು ಮಳೇಲಿ ನೆನೀತಾ ನಿಂತಿತ್ತು ಕಣೋ. ತುಕ್ಕು ಹಿಡಿಯುತ್ತೆ ಅಂತ ಸೂರಿನ ಕೆಳಗೆ ಇಟ್ಟಿದೀನಿ. ನಿನ್ನೆ ಬೆಳಿಗ್ಗೆ ನಿನಗೆ ಅಲ್ಲಿಂದಲೇ ತಂದುಕೊಟ್ಟೆನಲ್ಲ!"

ಐದು ಇಂಚು ಅಗಲದ ಲಾಳಿಕೆ, ಸರಿಯಾಗಿ ಮಾಡಿನ ನೀರು ಬೀಳುವ ಜಾಗದಲ್ಲಿ. ಕಾಫಿ ಕುಡಿಯುತ್ತಾ ಜಗಲಿಯಲ್ಲಿ ಕೂತೇ ನಾನು ಅಳೆದದ್ದು ಅರ್ಧ ಹೆಂಚಿನ ಮನೆಯ ಮಳೆ.

ಮೂವರೂ ಏನೂ ಅನ್ನಲಿಲ್ಲ. ಕಾಫಿ ಕುಡಿದು, ಅಮ್ಮನಿಗೆ ನಮಸ್ಕಾರ ಹೇಳಿ ಹೋದರು. ಆ ಮೌನಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ಮಂಗಳವಾರ ಹಿಂದಿನ ಸಭೆಯ ವರದಿ ಓದಬೇಕಾದವನೂ ನಾನೇ ಅಲ್ವಾ. ಓದಿದೆ. "ವರದಿಗೆ ತಿದ್ದುಪಡಿ ಏನಾದರೂ ಇದೆಯೇ?" ಅಂತ ಅಧ್ಯಕ್ಷರು ಕೇಳಿದ ತಕ್ಷಣ ಪಕ್ಕದ ತೋಟದವರ ಕೈ ಮೇಲೆದ್ದಿತು. ಕಾರ್ಯದರ್ಶಿಗಳ ಮನೆಯ ಮಳೆ ಒಂಬತ್ತು ಅರವತ್ತರ ಬದಲು ಮೂರು ನಲವತ್ತು ಅಂತ ದಾಖಲಾಗಬೇಕು. ಭಾಗಮಂಡಲದವರು ನಿಂತುಕೊಂಡು ಅನುಮೋದಿಸಿದರು. ಸಾರ್ಜೆಂಟ್ ಅಲ್ಲೇ ಲೆಕ್ಕ ಹಾಕಿದರು, ಹೆಚ್ಚುವರಿ ಆರು ಇಂಚು ಇಪ್ಪತ್ತು ಸೆಂಟು, ಸೆಂಟಿಗೆ ಒಂದು ರೂಪಾಯಿಯಂತೆ 620. ಶಾಲೆ ಮಕ್ಕಳಿಗೆ ಕೊಡೆ ಕೊಡುವ ನಿಧಿಗೆ ಹೋಗುತ್ತದೆ ಅಂದರು. ಕೊಡೆ ಕಳೆದುಕೊಂಡು ನೆನೆದು ಬಂದಿದ್ದ ನಾನು ಒದ್ದೆ ಜೇಬಿನಿಂದ ಒದ್ದೆ ನೋಟು ಎಣಿಸಿ ಕೊಟ್ಟೆ.

"ಈವತ್ತು ನಿಮ್ಮಲ್ಲಿ ಎಷ್ಟು?" ಅಂತ ಕುಶಾಲನಗರದವರು ಆಸೆಯಿಂದ ಕೇಳಿದರು.

ಸೊನ್ನೆ ಅಂದೆ. ಅಮ್ಮ ಮಾಪಕವನ್ನು ಬಚ್ಚಲ ಒಲೆಯ ಪಕ್ಕ ಒಣಗಲು ಇಟ್ಟಿದ್ದರು.